ಲಾರಿ ಜಗ್ಗದಿದ್ದರೆ ಡ್ರೈವರೇ ಕಳ್ಳನಾ?

ಬೆಳಗಾವಿಯಿಂದ ಖಾನಾಪುರ, ರಾಮನಗರ ದಾಟಿ ಅನಮೋಡ ಘಾಟ್ ಇಳಿದರೆ ಗೋವಾ. ವಾಪಸ್ ಬರುವಾಗ ಅದೇ ಘಾಟ್ ಏರಬೇಕು. ಲೋಡ್ ಲಾರಿ ಅರ್ಧ ಏರಿನಲ್ಲಿ ಉಸಿರು ಬಿಡುತ್ತೆ. "ಗಾಡಿ ಜಗ್ಗವಲ್ದರೀ" ಅಂತ ಡ್ರೈವರ್ ಫೋನ್ ಮಾಡಿದರೆ, ಎಷ್ಟೋ ಸಲ ಮಾಲೀಕರ ಮೊದಲ ಪ್ರಶ್ನೆ: "ಡೀಸೆಲ್ ಎಲ್ಲಿ ಹೋತು?"

ಅನುಮಾನಕ್ಕೆ ಕಾರಣ ಇದೆ. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರಕ್ಕೂ ಇಳಿದರು. ಲೀಟರ್ ಲೀಟರ್‌ಗೂ ಲೆಕ್ಕ ಕೇಳುವ ಕಾಲ ಇದು. ಮೈಲೇಜ್ ಬಿದ್ದರೆ ಕಡಿತ ಆಗೋದು ಡ್ರೈವರ್ ಪಗಾರದಲ್ಲಿ. ಆದರೆ ನೋಜಲ್ ಸೋರಿದರೂ ಮೈಲೇಜ್ ಬೀಳುತ್ತೆ, ಫಿಲ್ಟರ್ ಕಟ್ಟಿ ಗಾಡಿ ಸಣ್ಣ ಗೇರಿನಲ್ಲೇ ಎಳೆದರೂ ಬೀಳುತ್ತೆ. ಹಾಗಾಗಿ ಇಂಜಿನ್ ಯಾಕೆ ಕೆಮ್ಮುತ್ತಿದೆ ಅನ್ನೋದು ಗ್ಯಾರೇಜಿನ ಪ್ರಶ್ನೆ ಮಾತ್ರ ಅಲ್ಲ, ಕೂಲಿಯ ಪ್ರಶ್ನೆ.

ಪತ್ತೆ ಹಚ್ಚೋದು ಹೇಗೆ? ನಿಯಮ ಒಂದೇ: ಟ್ಯಾಂಕಿನಿಂದ ಶುರು ಮಾಡಿ ಇಂಜಿನ್ ಕಡೆ ಬನ್ನಿ. ಖರ್ಚಿಲ್ಲದ ಪರೀಕ್ಷೆ ಮೊದಲು, ಪಂಪ್ ಬಿಚ್ಚೋದು ಕೊನೆಗೆ.

ಮೊದಲು ಟ್ಯಾಂಕಿನ ಮುಚ್ಚಳ. ಅದರ ಗಾಳಿ ತೂತು ಕಟ್ಟಿದ್ದರೆ ಒಳಗೆ ನಿರ್ವಾತ ಆಗಿ ಡೀಸೆಲ್ ಮುಂದೆ ಬರಲ್ಲ. ಮುಚ್ಚಳ ಸಡಿಲಿಸಿದ ಕೂಡಲೇ ಇಂಜಿನ್ ಸುಧಾರಿಸಿದರೆ ರೋಗ ಸಿಕ್ಕಿತು.

ಎರಡನೆಯದು ನೀರು. ಖಾನಾಪುರದ ಮಳೆಗಾಲ ಗೊತ್ತಲ್ಲ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ಹನಿಗಟ್ಟುತ್ತೆ. ವಾಟರ್ ಸೆಪರೇಟರ್‌ನ ಕೆಳಗಿನ ನಲ್ಲಿ ತಿರುಗಿಸಿ ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟರೆ ನೀರು ತಳದಲ್ಲಿ, ಡೀಸೆಲ್ ಮೇಲೆ ನಿಲ್ಲುತ್ತೆ.

ಮೂರನೆಯದು ಫಿಲ್ಟರ್. ನಿಂತಲ್ಲಿ ಇಂಜಿನ್ ಸರಿಯಾಗಿದ್ದು, ಏರಿನಲ್ಲಿ ಮಾತ್ರ ಸೋತರೆ ಇದರ ಮೇಲೇ ಅನುಮಾನ. ಏರಿನಲ್ಲಿ ಡೀಸೆಲ್ ಹೆಚ್ಚು ಬೇಕು, ಕಟ್ಟಿದ ಫಿಲ್ಟರ್ ಅಷ್ಟು ಬಿಡಲ್ಲ.

ನಾಲ್ಕನೆಯದು ಗಾಳಿ. ಟ್ಯಾಂಕ್ ಮತ್ತು ಫೀಡ್ ಪಂಪ್ ನಡುವಿನ ಪೈಪಿನಲ್ಲಿ ಡೀಸೆಲ್ ಎಳೆಯಲ್ಪಡುತ್ತೆ. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕೋದಕ್ಕಿಂತ ಗಾಳಿ ಒಳಗೆ ನುಗ್ಗೋದೇ ಹೆಚ್ಚು. ಕಣ್ಣಿಗೆ ಕಾಣದ ಕಳ್ಳ ಇದು. ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸೋದು ಇದರ ಗುರುತು. ಮಧ್ಯೆ ಪಾರದರ್ಶಕ ಪೈಪ್ ತುಂಡು ಹಾಕಿದರೆ ಗುಳ್ಳೆ ಕಾಣುತ್ತೆ.

ಇಷ್ಟರ ನಂತರ ನೋಜಲ್, ಪಂಪ್. ಹಳೆಯ ಇಂಜಿನ್ನಿನಲ್ಲಿ ಮಿಸ್ತ್ರಿ ಒಂದೊಂದೇ ನೋಜಲ್ ಪೈಪಿನ ನಟ್ ಸಡಿಲಿಸಿ ಕಿವಿಗೊಡುತ್ತಾರೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗಲ್ಲವೋ, ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ ಅಂತ ಅರ್ಥ. ಆದರೆ ಕಾಮನ್ ರೈಲ್ ಇಂಜಿನ್ನಿನಲ್ಲಿ ಇದನ್ನು ಖಂಡಿತ ಮಾಡಬೇಡಿ. ಅಲ್ಲಿನ ಒತ್ತಡ 1,600 ಬಾರ್ ದಾಟಬಹುದು. ಆ ಡೀಸೆಲ್ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತೆ. ಅಲ್ಲಿ ಪ್ರತಿ ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲ್ ಅಳೆಯಬೇಕು, ರೈಲ್ ಒತ್ತಡವನ್ನು ಸ್ಕ್ಯಾನರ್‌ನಲ್ಲಿ ಓದಬೇಕು.

ರಾಜಕೀಯ ಇರೋದು ಇಲ್ಲೇ. 2020ರ ಏಪ್ರಿಲ್ 1ರಿಂದ ಬಿಎಸ್-6 ಕಡ್ಡಾಯವಾಯಿತು. ಡೀಸೆಲ್‌ನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಗಾಳಿಗೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಹೊಗೆಯ ಬಣ್ಣ ನೋಡಿ ರೋಗ ಹೇಳೋದು ಕಷ್ಟ. ಕಪ್ಪು ಮಸಿಯನ್ನು ಡಿಪಿಎಫ್ ಹಿಡಿದಿಟ್ಟುಕೊಳ್ಳುತ್ತೆ. ಆಡ್‌ಬ್ಲೂ ಖಾಲಿಯಾದರೆ ಕಂಪ್ಯೂಟರೇ ಇಂಜಿನ್ನಿನ ಶಕ್ತಿ ತಗ್ಗಿಸುತ್ತೆ. ರೋಗದ ವಿವರ ಇರೋದು ಸಾಫ್ಟ್‌ವೇರ್ ಒಳಗೆ. ಅದರ ಕೀಲಿ ರಸ್ತೆ ಬದಿಯ ಮಿಸ್ತ್ರಿ ಕೈಯಲ್ಲಿ ಇಲ್ಲದಿದ್ದರೆ?

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲ್ ಬೇರೆ, ಕಾನೂನಿನ ಹಕ್ಕು ಬೇರೆ. ದುರಸ್ತಿಯ ಮಾಹಿತಿ ಮಿಸ್ತ್ರಿಗೆ ಸಿಗಬೇಕು, ಪರೀಕ್ಷೆಯ ಫಲಿತಾಂಶ ಡ್ರೈವರ್ ಕೈಗೂ ಬರಬೇಕು. ಅಲ್ಲಿಯವರೆಗೆ ಕನಿಷ್ಠ ಇಷ್ಟಾದರೂ ಮಾಡೋಣ: ಡ್ರೈವರ್ ಮೇಲೆ ಆರೋಪ ಹೊರಿಸುವ ಮೊದಲು ಒಮ್ಮೆ ಆ ಬಾಟಲಿಯ ತಳ ನೋಡೋಣ.