ಅಲೆಗೆ ಒಡೆದ ಕಲ್ಲು, ಬೆಳಕಿಗೆ ಸಿಕ್ಕ ಗೆಡ್ಡೆ

ಕಿಡ್ನಿ ಕಲ್ಲಿನ ನೋವು ತಾಳಲಾರದೆ ನಡುರಾತ್ರಿ ಆಸ್ಪತ್ರೆಗೆ ಓಡಿದವರು ಎಲ್ಲ ಊರುಗಳಲ್ಲೂ ಇದ್ದಾರೆ. ಬಾಳೆದಿಂಡಿನ ಪಲ್ಯಕ್ಕೆ ಜಗ್ಗದ ಕಲ್ಲನ್ನು ಈಗ ಮೈಗೆ ಚಾಕು ತಾಗಿಸದೆ ಪುಡಿ ಮಾಡಿಸಿಕೊಂಡು ಬರಬಹುದು. 1980ಕ್ಕೆ ಮೊದಲು ಅಂಥ ಕಲ್ಲಿದ್ದ ಹೆಚ್ಚಿನವರಿಗೆ ಪಕ್ಕೆ ಕೊಯ್ಯಿಸಿಕೊಳ್ಳದೆ ಗತ್ಯಂತರವಿರಲಿಲ್ಲ. ಕಲ್ಲಿಗೋ ಮತ್ತೆ ಮತ್ತೆ ಹುಟ್ಟುವ ಗುಣ. ಎರಡನೇ ಸಲ ಕೊಯ್ಯುವಾಗ ಹಳೆಯ ಗಾಯದ ಗಂಟುಗಳೇ ವೈದ್ಯರಿಗೆ ಅಡ್ಡಿಯಾಗುತ್ತಿದ್ದವು.

ಈ ಸಂಕಟ ತಪ್ಪಿಸಿದ್ದು ಜರ್ಮನಿಯ ಮ್ಯೂನಿಕ್‌ನ ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯ. ಗ್ರೋಸ್‌ಹಾಡರ್ನ್ ಬಡಾವಣೆಯಲ್ಲಿ ಅದರ ದೊಡ್ಡ ಆಸ್ಪತ್ರೆಯಿದೆ. ಕಥೆ ಮಾತ್ರ ಶುರುವಾಗುವುದು ವಿಮಾನ ಕಾರ್ಖಾನೆಯಲ್ಲಿ. ನಮ್ಮ ನೌಕಾಪಡೆ ಹಾರಿಸುವ ಡಾರ್ನಿಯರ್ ವಿಮಾನದ ಮೂಲ ಕಂಪನಿಯದು. ಅತಿವೇಗದ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹದೊಳಗೆ ಏನಾಗುತ್ತದೆಂದು ಅಲ್ಲಿ ಪರೀಕ್ಷೆ ನಡೆದಿತ್ತು. ಪರೀಕ್ಷೆಗೆಂದು ಹಾರಿಸಿದ ಗುಂಡು ಲೋಹದ ಫಲಕಕ್ಕೆ ಬಡಿದ ಕ್ಷಣದಲ್ಲೇ ಅದನ್ನು ಮುಟ್ಟಿದ ಎಂಜಿನಿಯರ್ ಒಬ್ಬರಿಗೆ ಕರೆಂಟ್ ಹೊಡೆದಂತಾಯಿತು. ಅಳೆದು ನೋಡಿದರೆ ವಿದ್ಯುತ್ತಿನ ಸುಳಿವೇ ಇಲ್ಲ! ಆಘಾತದ ಅಲೆ ಲೋಹದಿಂದ ಅವರ ಮೈಯೊಳಕ್ಕೆ ದಾಟಿತ್ತು.

ಮೈಯೊಳಕ್ಕೆ ದಾಟುವ ಅಲೆ ಕಲ್ಲನ್ನೂ ಒಡೆಯಬಹುದಲ್ಲವೇ? 1974ರಿಂದ ಸರ್ಕಾರದ ನೆರವಿನಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದ ಯೂರಾಲಜಿ (ಮೂತ್ರರೋಗ) ವಿಭಾಗದ ಮುಖ್ಯಸ್ಥ ಎಗ್ಬರ್ಟ್ ಷ್ಮಿಟ್, ಶಸ್ತ್ರಚಿಕಿತ್ಸಾ ಸಂಶೋಧನೆಯ ವಾಲ್ಟರ್ ಬ್ರೆಂಡೆಲ್, ಯುವ ವೈದ್ಯ ಕ್ರಿಸ್ಟಿಯನ್ ಶೋಸಿ, ಡಾರ್ನಿಯರ್‌ನ ಭೌತವಿಜ್ಞಾನಿ ಬೆರ್ಂಡ್ ಫೋರ್ಸ್‌ಮನ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಮೊದಲ ರೋಗಿಯನ್ನು ಮುಟ್ಟುವ ಮುನ್ನ ಅವರು ಪ್ರಯೋಗಾಲಯದಲ್ಲಿ ಕಳೆದ ವರ್ಷಗಳನ್ನೇ ನಾನು ಹೆಚ್ಚು ಗೌರವಿಸುತ್ತೇನೆ. ಮನುಷ್ಯರ ಕಲ್ಲನ್ನು ನಾಯಿಯ ಮೂತ್ರಪಿಂಡದಲ್ಲಿಟ್ಟು ಪರೀಕ್ಷಿಸಿದರು. ಗಾಳಿ ತುಂಬಿದ ಶ್ವಾಸಕೋಶಕ್ಕೆ ಅಲೆ ತಗುಲಿದರೆ ಅಪಾಯವೆಂದು ಕಂಡುಕೊಂಡರು. ಮೃದು ಅಂಗಾಂಶದಲ್ಲಿ ನೀರಿನ ಪಾಲೇ ಹೆಚ್ಚಾದ್ದರಿಂದ ನೀರಿನಿಂದ ಬಂದ ಅಲೆ ಹೆಚ್ಚು ಹಾನಿಯಿಲ್ಲದೆ ಅದನ್ನು ದಾಟುತ್ತದೆ. ಗಟ್ಟಿ ಕಲ್ಲಿಗೆ ಬಡಿದಾಗ ಅದನ್ನು ಸೀಳುತ್ತದೆ.

1980ರ ಫೆಬ್ರುವರಿ 7ರಂದು ಮೊದಲ ರೋಗಿಗೆ ಚಿಕಿತ್ಸೆಯಾಯಿತು. ಅರಿವಳಿಕೆ ಕೊಟ್ಟ ರೋಗಿಯನ್ನು ನೀರಿನ ತೊಟ್ಟಿಗೆ ಇಳಿಸುತ್ತಿದ್ದರು. ತೊಟ್ಟಿಯ ತಳದಲ್ಲಿ ಅರ್ಧ ಕತ್ತರಿಸಿದ ಮೊಟ್ಟೆಯಾಕಾರದ ಲೋಹದ ಬಟ್ಟಲು. ಅದರ ಒಂದು ನಾಭಿಯಲ್ಲಿ (ಫೋಕಸ್ ಬಿಂದುವಿನಲ್ಲಿ) ವಿದ್ಯುತ್ ಕಿಡಿ ಹಾರಿದರೆ, ಹುಟ್ಟಿದ ಅಲೆಗಳೆಲ್ಲ ಇನ್ನೊಂದು ನಾಭಿಯಲ್ಲಿ ಕೂಡುತ್ತವೆ. ಕಲ್ಲನ್ನು ಎಕ್ಸ್‌-ರೇ ನೋಡಿಕೊಂಡು ಸರಿಯಾಗಿ ಅಲ್ಲಿಗೇ ತರಬೇಕು. ಹೃದಯದ ಲಯ ತಪ್ಪದಂತೆ ಇಸಿಜಿಗೆ ಹೊಂದಿಸಿ ಕಿಡಿ ಹಾರಿಸುವ ಕ್ರಮವೂ ಬಂತು. ಪುಡಿಯಾದದ್ದು ಮೂತ್ರದ ಜೊತೆ ಹೊರಬೀಳುತ್ತದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆ ವರದಿ ಪ್ರಕಟಿಸಿತು. 1984ರಲ್ಲಿ ಅಮೆರಿಕ ಈ ಯಂತ್ರಕ್ಕೆ ಅನುಮತಿ ಕೊಟ್ಟಿತು. ಇಂದಿನ ಯಂತ್ರಗಳಿಗೆ ತೊಟ್ಟಿ ಬೇಡ. ತೀರ ಗಟ್ಟಿಯಾದ, ದೊಡ್ಡದಾದ ಕಲ್ಲಿಗೆ ಈ ಅಲೆ ಸಾಲದು. ಅಲ್ಲಿ ಮೈಯೊಳಗೆ ತೂರಿಸುವ ದುರ್ಬೀನು, ಲೇಸರ್ ಕೆಲಸಕ್ಕೆ ಬರುತ್ತವೆ.

ಅದೇ ಆಸ್ಪತ್ರೆ ಮುಂದೆ ಕೈಹಾಕಿದ ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಪೇಚೇ ಬೇರೆ: ಅದರ ಒಂದು ಬಗೆ ಒಳಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡು, ದುರ್ಬೀನಿನ ಬಿಳಿ ಬೆಳಕಿನಲ್ಲಿ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ. ಕಾಣದೆ ಉಳಿದದ್ದು ಮತ್ತೆ ಬೆಳೆಯುತ್ತದೆ. 1990ರ ದಶಕದಲ್ಲಿ ಇದೇ ಗ್ರೋಸ್‌ಹಾಡರ್ನ್‌ನ ಯೂರಾಲಜಿ ವೈದ್ಯ ಮಾರ್ಟಿನ್ ಕ್ರೀಗ್‌ಮೈರ್ ಮತ್ತು ಲೇಸರ್ ಪ್ರಯೋಗಾಲಯದ ರೈನ್‌ಹೋಲ್ಡ್ ಬೌಮ್‌ಗಾರ್ಟ್ನರ್ ಜೊತೆಗೂಡಿ ದಾರಿ ಹುಡುಕಿದರು. ನಮ್ಮ ಜೀವಕೋಶಗಳು ರಕ್ತದ ಕೆಂಪು ಅಂಶ ತಯಾರಿಸಲು ಬಳಸುವ ಅಮಿನೊಲೆವುಲಿನಿಕ್ ಆಮ್ಲವನ್ನು ನಳಿಕೆಯಿಂದ ಮೂತ್ರಕೋಶಕ್ಕೆ ತುಂಬಿದರು. ಕ್ಯಾನ್ಸರ್ ಕೋಶಗಳಲ್ಲಿ ಆ ತಯಾರಿ ಪೂರ್ತಿಯಾಗದೆ ನಡುವಿನ ಒಂದು ವಸ್ತು ಹೆಚ್ಚಾಗಿ ಶೇಖರವಾಗುತ್ತದೆ. ನೀಲಿ ಬೆಳಕು ಬಿದ್ದೊಡನೆ ಅದು ಕೆಂಪಗೆ ಹೊಳೆಯುತ್ತದೆ. ಉರಿಯೂತವಿದ್ದ ಜಾಗವೂ ಕೆಲವೊಮ್ಮೆ ಹೊಳೆದು ದಾರಿ ತಪ್ಪಿಸುವುದರಿಂದ ಚೂರು ತೆಗೆದು ಪರೀಕ್ಷಿಸಲೇಬೇಕು.

ಆದರೆ ಇಷ್ಟೆಲ್ಲ ನಡೆಯುವುದು ರೋಗಿ ಬಂದರೆ ತಾನೆ. ನೋವಿಲ್ಲದೆ ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡರೂ, ಬೀಡಿ ಸಿಗರೇಟು ಸೇದುವವರಂತೂ, ಉಷ್ಣವೆಂದು ಸುಮ್ಮನಾಗದೆ ವೈದ್ಯರ ಬಳಿ ಹೋಗಬೇಕು.

ಮೂತ್ರಕೋಶದಲ್ಲಿ ಗೆದ್ದ ಈ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. ಮ್ಯೂನಿಕ್‌ನ ನರಶಸ್ತ್ರವೈದ್ಯರು ಅದೇ ಆಮ್ಲವನ್ನು ರೋಗಿಗೆ ಕುಡಿಸಿ, ಮೆದುಳಿನ ಗೆಡ್ಡೆಯ ಅಂಚನ್ನು ನೀಲಿ ಬೆಳಕಿನಲ್ಲಿ ಗುರುತಿಸಿ ತೆಗೆಯಲು ಬಳಸಿದರು.