ಭಾವನ ರೈಫಲ್ಲಿಗೆ ಬೆಲೆ ಕಟ್ಟಿದ್ದು

ಹುಣಿಸೇಹಣ್ಣಿಗೆ ಬೆಲೆ ಕಟ್ಟು ಅಂದರೆ ಕಣ್ಣು ಮುಚ್ಚಿ ಕಟ್ಟಿಯೇನು. ಹಿಂದೂಪುರದ ಮಾರ್ಕೆಟ್ಟಿನಲ್ಲಿ ನಾನು ಇಷ್ಟು ವರ್ಷ ಮಾಡಿದ್ದೇ ಅದು. ಮೂಟೆಯೊಳಗೆ ಕೈ ಹಾಕಿದರೆ ನಾರೆಷ್ಟು, ಬೀಜವೆಷ್ಟು, ನೀರು ಚಿಮುಕಿಸಿದ್ದಾರೋ ಇಲ್ಲವೋ ಬೆರಳೇ ಹೇಳುತ್ತದೆ. ಆದರೆ ಕಲ್ಯಾಣದುರ್ಗದ ಅಕ್ಕ ಫೋನು ಮಾಡಿ, "ನಿಮ್ ಭಾವಂದು ರೈಫಲ್ ಮಾರ್ಬೇಕಪ್ಪ, ನೀನೇ ಬಂದು ಒಂದು ರೇಟು ಹೇಳು" ಅಂದಾಗ ಬಾಯಿ ಕಟ್ಟಿತು.

ಭಾವ ತೀರಿಕೊಂಡ ದಿನವೇ ಅವರ ಲೈಸೆನ್ಸೂ ಮುಗಿಯಿತು. ಆಮೇಲೆ ರೈಫಲ್ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. 1959ರ ಆಯುಧ ಕಾಯ್ದೆಯಂತೆ ತಡಮಾಡದೆ ಠಾಣೆಗೋ, ಪರವಾನಗಿ ಇರುವ ಬಂದೂಕಿನ ಅಂಗಡಿಗೋ ಒಪ್ಪಿಸಬೇಕು. ಒಪ್ಪಿಸಿದ್ದನ್ನು ಲೈಸೆನ್ಸ್ ಇದ್ದವರಿಗೆ ಮಾರುವ ಹಕ್ಕು ವಾರಸುದಾರರಿಗೆ ಉಂಟು. ಗೊತ್ತುಪಡಿಸಿದ ಅವಧಿ ಮೀರಿದರೆ ಮಾತ್ರ ಸರ್ಕಾರದ ಪಾಲು. ಅಕ್ಕ ಅಂಗಡಿಗೆ ಒಪ್ಪಿಸಿದ್ದಳು. ಅತ್ತ ಕಡ್ಲೆಕಾಯಿ ಕೈಕೊಟ್ಟಿತ್ತು, ಸಾಲದವರು ಬಾಗಿಲಿಗೆ ಬರುತ್ತಿದ್ದರು. ಪಕ್ಕದೂರಿನ ಒಬ್ಬರು ಅದನ್ನೇ ಹಿಡಿದು, "ಪಾತ ತುಪಾಕಿ ಕದಮ್ಮಾ, ಎವರು ಕೊಂಟಾರು?" ಎಂದು ಚಿಲ್ಲರೆ ಕಾಸಿಗೆ ಕೇಳಿದ್ದರು.

ಅಂಗಡಿಗೆ ಹೋದೆವು. ಅದು .315 ಬೋರಿನ ರೈಫಲ್, ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯದು. ನಳಿಗೆಯ ಬಾಯಿ ಹೆಚ್ಚುಕಡಿಮೆ ಎಂಟು ಮಿಲಿಮೀಟರ್, ಐದು ಗುಂಡು ತುಂಬುವ ಮ್ಯಾಗಜೀನು. ಅಂಗಡಿಯ ಹಿರಿಯರು ಮೊದಲು ಚೇಂಬರ್ ಖಾಲಿ ಇದೆಯೇ ನೋಡಿಕೊಂಡರು. ಆಮೇಲೆ ಬೋಲ್ಟ್ ಹೊರತೆಗೆದು, ನಳಿಗೆಯ ಬಾಯಿಗೆ ಬಿಳಿ ಕಾಗದ ಹಿಡಿದು, "ಹಿಂದಿನಿಂದ ಒಳಗೆ ನೋಡಿ" ಅಂದರು. ಸುತ್ತಿಕೊಂಡು ಹೋಗುವ ಗೆರೆಗಳು ಚೂಪಾಗಿದ್ದವು. ಗೆರೆ ಸವೆದಿದ್ದರೆ ಗುಂಡು ಗುರಿ ತಪ್ಪುತ್ತದಂತೆ. ತುಕ್ಕು ತಿಂದ ಗುಳಿ ಇದ್ದರೆ ಬೆಲೆ ಇಳಿಯುತ್ತದೆ. ಒಳಗೆ ಬಳೆಯಂತೆ ಕಪ್ಪು ನೆರಳು ಕಂಡರೆ ನಳಿಗೆ ಉಬ್ಬಿದೆ ಎಂದರ್ಥ, ಅಂಥದ್ದನ್ನು ಬಿಟ್ಟಿ ಕೊಟ್ಟರೂ ಮುಟ್ಟಬಾರದು. ನಮ್ಮದರಲ್ಲಿ ಅವೆರಡೂ ಇರಲಿಲ್ಲ. ಮರದ ಹಿಡಿಯಲ್ಲಿ ಒಂದು ಸಣ್ಣ ಸೀಳಿತ್ತು.

ಕೊನೆಗೆ ಹಿರಿಯರು ನಂಬರ್ ತೋರಿಸಿದರು. ರೈಫಲ್ಲಿನ ಮೈಮೇಲಿನ ನಂಬರೇ ಬೇರೆ, ಬೋಲ್ಟಿನ ಮೇಲಿನದೇ ಬೇರೆ. ಯಾವಾಗಲೋ ಬೋಲ್ಟ್ ಬದಲಾಗಿದೆ. ಬೋಲ್ಟ್ ಸರಿಯಾಗಿ ಕೂರದಿದ್ದರೆ ತೋಟಾ ಒಳಗೇ ಸಿಡಿದು ಹೊಡೆಯುವವನ ಮುಖಕ್ಕೇ ಬಂದೀತು. ಗೇಜು ಹಾಕಿ ನೋಡಿದಾಗ ಸರಿಯಾಗಿಯೇ ಕೂತಿತು. ಆದರೂ ಕುಂದು ಕುಂದೇ.

ಲೆಕ್ಕ ಸುಲಭವಾಗಲೆಂದು ಇಂಥ ಹೊಸ ರೈಫಲ್ಲಿನ ಬೆಲೆ 100 ಎಂದಿಟ್ಟುಕೊಳ್ಳಿ. ಪಕ್ಕದೂರಿನವರು ಕೇಳಿದ್ದು 20ಕ್ಕೆ. ಅಂಗಡಿಯವರು 35 ಅಂದರು, ಅವರಿಗೂ ಲಾಭ ಬೇಕಲ್ಲ. ಪಾವಗಡ ಕಡೆಯ ಸಾಹುಕಾರರೊಬ್ಬರು 50 ಕೊಡಲು ತಯಾರಿದ್ದರು. ಅಕ್ಕನ ಮುಖ ಅರಳಿತು. ಆದರೆ ಅವರ ಲೈಸೆನ್ಸಿನಲ್ಲಿ ಇದ್ದದ್ದು ಕರ್ನಾಟಕ ಮಾತ್ರ, ಅದೂ ಜೋಡುನಳಿಗೆ ಬಂದೂಕಿಗೆ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋದರೆ ಆಂಧ್ರ ಬಿಟ್ಟು ಕರ್ನಾಟಕ, ಮತ್ತೆ ಆಂಧ್ರ. ನಮ್ಮ ನಾಲಿಗೆಗೆ ಆ ಗಡಿ ಗೊತ್ತಾಗುವುದಿಲ್ಲ, ಲೈಸೆನ್ಸಿಗೆ ಗೊತ್ತಾಗುತ್ತದೆ! ಅವರ ಕಾಗದ ಆಗುವಷ್ಟರಲ್ಲಿ ಅಕ್ಕನ ಅವಧಿ ಮುಗಿದೀತು.

ಇನ್ನೊಂದು ಮಾತು. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ. ಎರಡಿದ್ದವರು ಮೂರನೆಯದನ್ನು ಕೊಳ್ಳುವಂತಿಲ್ಲ. ಇನ್ನು ಹಂದಿ ಕಾಟಕ್ಕೆಂದು ಕೊಳ್ಳಹೊರಟವರೂ ತಿಳಿದಿರಲಿ, 1972ರ ವನ್ಯಜೀವಿ ಕಾಯ್ದೆ ಇರುವಾಗ ಬಂದೂಕಿದೆ ಎಂದು ಮನಸ್ಸಿಗೆ ಬಂದಂತೆ ಹೊಡೆಯುವ ಹಾಗಿಲ್ಲ. ಹೀಗೆ ಮಾಲು ಒಳ್ಳೆಯದಿದ್ದರೂ ಕೊಳ್ಳುವವರು ಕಡಿಮೆ.

ಕಡೆಗೆ ಅನಂತಪುರ ಜಿಲ್ಲೆಯವರೇ ಒಬ್ಬರು ಸಿಕ್ಕರು. ಅವರ ಲೈಸೆನ್ಸಿನಲ್ಲಿ .315 ರೈಫಲ್ಲೇ ಬರೆದಿತ್ತು. ನಳಿಗೆ ನೋಡಿ ತಲೆದೂಗಿ 45 ಅಂದರು. ನಂಬರಿನ ಕಡೆ ಅವರ ಕಣ್ಣು ಹೋಗಿರಲಿಲ್ಲ. ನಾನು ವ್ಯಾಪಾರಿ, ಸುಮ್ಮನಿದ್ದೆ. ಅಕ್ಕ ಸುಮ್ಮನಿರಲಿಲ್ಲ. "ಬೋಲ್ಟು ಬೇರೇದು ಅಣ್ಣಾ, ನಿಮ್ಮ ಮಿಸ್ತ್ರಿ ಹತ್ರ ಇನ್ನೊಂದ್ಸಲ ತೋರಿಸ್ಕೊಳ್ಳಿ. ನಾಳೆ ನಿಮ್ಮ ಮನೇಲಿ ಅಳೋದು ನಂಗೆ ಬೇಡ" ಅಂದುಬಿಟ್ಟಳು.

ಅವರು ಸ್ವಲ್ಪ ಹೊತ್ತು ಯೋಚಿಸಿ 40 ಅಂದರು. ಅಂಗಡಿಯ ರಿಜಿಸ್ಟರಿನಲ್ಲಿ ಬರೆಸಿ, ರಸೀದಿ ಪಡೆದು ಹೊರಟೆವು.

ಬಸ್ಸಿನಲ್ಲಿ ನನಗೆ ಆ ಐದರದೇ ಚಿಂತೆ. ಅಕ್ಕ ಕಿಟಕಿಯಾಚೆ ನೋಡುತ್ತಾ, "ಇವತ್ತು ರಾತ್ರಿ ನಿದ್ದೆ ಬರುತ್ತೆ ಬಿಡು" ಅಂದಳು. ಮಾರನೆಯ ದಿನ ಮಾರ್ಕೆಟ್ಟಿನಲ್ಲಿ ಒಂದು ಮೂಟೆ ಹುಣಿಸೆಗೆ ರೇಟು ಹೇಳುವ ಮೊದಲು, "ತಳದಲ್ಲಿ ಬೀಜ ಜಾಸ್ತಿ ಇದೆ ನೋಡಿ" ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು.