ನಿಮಗಿದು ಗೊತ್ತೇ? ಈ ಮೀನಿಗೆ ಕಣ್ಣಿನ ಆಪರೇಷನ್ ಕೂಡ ಮಾಡಿಸುತ್ತಾರೆ!

ವಿದೇಶಿ ಮೀನು ನೋಡಬೇಕೆಂದರೆ ಬೆಂಗಳೂರಿನ ದೊಡ್ಡ ಅಂಗಡಿಗೇ ಹೋಗಬೇಕು ಅಂದುಕೊಂಡಿದ್ದೀರಾ? ಸೊಳ್ಳೆ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿಗೆ, ಹೊಂಡಕ್ಕೆ ಬಿಡುತ್ತಾರಲ್ಲ, ಆ ಗಪ್ಪಿ ಮೀನು ಎಲ್ಲಿಯದು ಗೊತ್ತೇ? ದಕ್ಷಿಣ ಅಮೆರಿಕದ ವೆನೆಜುವೆಲಾ, ಟ್ರಿನಿಡಾಡ್ ಕಡೆಯದು! ಅದರ ಜೊತೆಗಾರ ಗಂಬೂಸಿಯಾ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ. ಭಾರತಕ್ಕೆ ಬಂದದ್ದು ಮಾತ್ರ ಇಟಲಿಯಿಂದ, 1928ರಲ್ಲಿ!

ಗಪ್ಪಿ ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಹೆಣ್ಣು ಒಮ್ಮೆ ಗಂಡಿನ ಜೊತೆ ಕೂಡಿದರೆ ಸಾಕು. ಆಮೇಲೆ ಗಂಡಿಲ್ಲದೆಯೇ ತಿಂಗಳುಗಟ್ಟಲೆ, ಮತ್ತೆ ಮತ್ತೆ ಮರಿ ಹಾಕಬಲ್ಲದು. ಒಂದೇ ಒಂದು ಹೆಣ್ಣು ಮೀನು ತಂದವರ ಮನೆಯಲ್ಲಿ ಮೀನಿನ ಸಂತೆಯೇ ನೆರೆಯುವುದು ಹೀಗೆ!

ಈಗ ಮೀನುಗಳ ರಾಜನ ಕಡೆ ಬನ್ನಿ. ಏಷ್ಯಾದ ಅರೋವಾನ! ಆಗ್ನೇಯ ಏಷ್ಯಾದ ಈ ಮೀನನ್ನು ಮನೆಗೆ ಅದೃಷ್ಟ ತರುವ ಡ್ರ್ಯಾಗನ್ ಎಂದು ಚೀನೀಯರು ನಂಬುತ್ತಾರೆ. ಕಾಡಿನ ಹೊಳೆಗಳಲ್ಲಿ ಇದು ಅಳಿವಿನ ಅಂಚಿಗೆ ಬಂದಿದೆ. ಹಾಗಾಗಿ ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮರಿಯನ್ನು ಮಾತ್ರ ಮಾರಬೇಕು, ಮಾರುವ ಮುನ್ನ ಅದರ ಮೈಯೊಳಗೆ ಮೈಕ್ರೋಚಿಪ್ ಸೇರಿಸಬೇಕು. ಕೊಂಡವರ ಕೈಗೆ ಮೀನಿನ ಜೊತೆ ಪ್ರಮಾಣಪತ್ರವೂ ಬರುತ್ತದೆ!

ಗಾಜಿನ ತೊಟ್ಟಿಯಲ್ಲಿ ಬೆಳೆದ ಕೆಲವು ಅರೋವಾನಗಳ ಕಣ್ಣು ಕೆಳಕ್ಕೆ ಜೋತು ಬೀಳುತ್ತದೆ. ಅಂದ ಕೆಟ್ಟರೆ ಬೆಲೆಯೂ ಬಿತ್ತು! ಅದಕ್ಕೇ ಸಿಂಗಪುರದಲ್ಲಿ ಮೀನಿಗೆ ಮಂಪರು ಕೊಟ್ಟು, ಕಣ್ಣು ಮೇಲೆತ್ತುವ ಆಪರೇಷನ್ ಮಾಡುವ ಕೈಚಳಕದವರಿದ್ದಾರೆ. ಹೌದು, ಮೀನಿಗೆ ಪ್ಲಾಸ್ಟಿಕ್ ಸರ್ಜರಿ!

ಈ ಡ್ರ್ಯಾಗನ್ ಎಂಥ ಅಪ್ಪ ನೋಡಿ. ಹೆಣ್ಣು ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಗಂಡು ಅಷ್ಟನ್ನೂ ಬಾಯಲ್ಲಿ ತುಂಬಿಕೊಂಡು, ಮರಿಗಳು ಈಜುವ ತನಕ ವಾರಗಟ್ಟಲೆ ಕಾಯುತ್ತದೆ. ಬಾಯಿ ತುಂಬ ಮಕ್ಕಳು, ಹೊಟ್ಟೆ ಮಾತ್ರ ಖಾಲಿ!

ನಿಮ್ಮ ಪರಿಚಯದವರ ಮನೆಯಲ್ಲಿ ಏಷ್ಯಾದ ಅರೋವಾನ ಇದೆಯೇ? ಹಾಗಿದ್ದರೆ ಇದು ಅವರ ಕಿವಿಗೆ ಬೀಳಲಿ. ವನ್ಯಜೀವಿ ಕಾಯಿದೆಗೆ 2022ರಲ್ಲಿ ತಿದ್ದುಪಡಿ ಬಂತು. 2024ರ ಫೆಬ್ರವರಿಯಲ್ಲಿ ಅದರ ನಿಯಮಗಳೂ ಬಂದವು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಜೀವಿಗಳನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಮನೆಯ ಮೀನಿಗೂ ಸರ್ಕಾರಿ ದಾಖಲೆ!

ಬೆಲೆ ಬಾಳುವ ಮೀನು ದೂರದೂರಿಗೆ ಹೇಗೆ ಬರುತ್ತದೆ? ಪ್ಲಾಸ್ಟಿಕ್ ಚೀಲದಲ್ಲಿ! ನೀರು ಸ್ವಲ್ಪ, ಮಿಕ್ಕಿದ್ದೆಲ್ಲ ಆಮ್ಲಜನಕ. ಹೊರಡುವ ಮುನ್ನ ಮೀನಿಗೆ ಒಂದೆರಡು ದಿನ ಕಡ್ಡಾಯ ಉಪವಾಸ. ತಿಂದು ಹೊರಟರೆ ತನ್ನ ಹೊಲಸಿನಿಂದಲೇ ನೀರು ಕೆಟ್ಟು ದಾರಿಯಲ್ಲೇ ಸಾಯುತ್ತದೆ. ಚೆನ್ನೈನ ಕೊಳತ್ತೂರು ನಮ್ಮ ದೇಶದ ಬಣ್ಣದ ಮೀನುಗಳ ದೊಡ್ಡ ಪೇಟೆ. ಅಲ್ಲಿ ದಿನವೂ ಇದೇ ಕೆಲಸ!

ಮನೆಗೆ ತಂದ ಮೇಲೆ? ಚೀಲ ಹರಿದು ಮೀನನ್ನು ತೊಟ್ಟಿಗೆ ಸುರಿಯಬೇಡಿ. ಹೊಸ ತೊಟ್ಟಿಯಲ್ಲಿ ಮೀನಿಗಿಂತ ಮೊದಲು ಬೆಳೆಯಬೇಕಾದದ್ದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ! ಮೀನಿನ ಹೊಲಸಿನ ವಿಷವನ್ನು ತಿಂದು ಅರಗಿಸುವುದು ಅವೇ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಸಾವಿರಾರು ರೂಪಾಯಿಯ ಮೀನು ವಾರದೊಳಗೆ ಸಾಯುವುದಕ್ಕೆ ಬಹಳ ಸಲ ಇದೊಂದೇ ಕಾರಣ!

ಜಕ್ಕಲಿ ಊರಿನವರೇ, ಇದು ನಿಮಗೆ. ನಮ್ಮ ಗದಗ ಸೀಮೆಯ ಬೋರಿನ ನೀರು ಗಡಸು. ಬೇಳೆ ಬೇಗ ಬೇಯುವುದಿಲ್ಲ, ಪಾತ್ರೆಗೆ ಬಿಳಿ ಕರೆ ಕಟ್ಟುತ್ತದೆ. ಆದರೆ ಇಂಥ ಗಡಸು ನೀರನ್ನೇ ಬಯಸುವ ಮೀನುಗಳಿವೆ! ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು. ಅಚ್ಚ ಹಳದಿ, ಕಡು ನೀಲಿ, ಒಂದಕ್ಕಿಂತ ಒಂದು ಚೆಂದ. ಜಗತ್ತಿನ ಇನ್ನಾವ ಸರೋವರದಲ್ಲೂ ಮಲಾವಿಯಲ್ಲಿರುವಷ್ಟು ಜಾತಿಯ ಮೀನುಗಳಿಲ್ಲ!

ಅಮೆಜಾನಿನ ಡಿಸ್ಕಸ್ ಮೀನಿನದು ಇದಕ್ಕೆ ಉಲ್ಟಾ. ಹೊಳೆಯಿಂದ ಹಿಡಿದು ತಂದದ್ದಕ್ಕೆ ಮೆದು ನೀರೇ ಆಗಬೇಕು. ಕುಡಿಯುವ ನೀರಿನ ಘಟಕದಲ್ಲಿ ಸೋಸಿದ ಆರ್‌ಒ ನೀರನ್ನು ಬೆರೆಸಿ ಹದ ಮಾಡಿ ಸಾಕುತ್ತಾರೆ. ಮನೆಮಂದಿ ಕುಡಿಯುವ ಕ್ಯಾನಿನಲ್ಲಿ ಮೀನಿಗೂ ಪಾಲು!

ಆದರೆ ಡಿಸ್ಕಸ್‌ನ ನಿಜವಾದ ಅಚ್ಚರಿ ಬೇರೆಯೇ ಇದೆ. ಮೀನು ಹಾಲೂಡಿಸುವುದನ್ನು ಕೇಳಿದ್ದೀರಾ? ಡಿಸ್ಕಸ್ ತಾಯಿ ತಂದೆ ಇಬ್ಬರ ಮೈಮೇಲೂ ಪೌಷ್ಟಿಕ ಲೋಳೆ ಜಿನುಗುತ್ತದೆ. ಮರಿಗಳು ಮೈಗೆ ಮುತ್ತಿಕೊಂಡು ಅದನ್ನೇ ತಿಂದು ದೊಡ್ಡವಾಗುತ್ತವೆ. ಅಮ್ಮ ದಣಿದಳೋ, ಮರಿಗಳೆಲ್ಲ ಅಪ್ಪನ ಮೈಗೆ! ಬೇಸಿಗೆಯ ಸೆಕೆಯೂ ಇದಕ್ಕೆ ಇಷ್ಟ. ನೀರು 28ರಿಂದ 30 ಡಿಗ್ರಿ ಇದ್ದರೆ ಖುಷಿ.

ಫೈಟರ್ ಮೀನು ಮೂಗೆತ್ತಿ ಗಾಳಿ ನುಂಗುವುದನ್ನು ನೋಡಿದ್ದೀರಲ್ಲ? ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಇನ್ನೊಂದು ಅಂಗವೂ ಅದಕ್ಕಿದೆ. ಥಾಯ್ಲೆಂಡ್ 2019ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಸಾರಿತು!

ಹೆಸರಿಗೆ ಮೊದಲು ನಂಬರ್ ಪಡೆದ ಮೀನೂ ಉಂಟು. ಮೈತುಂಬ ಕಪ್ಪು ಬಿಳಿ ಪಟ್ಟೆಯ ಜೀಬ್ರಾ ಪ್ಲೆಕೊ. ವಿಜ್ಞಾನಿಗಳು 1991ರಲ್ಲಿ ಹೆಸರಿಡುವ ಮುನ್ನವೇ ಜರ್ಮನಿಯ ಮೀನು ಪತ್ರಿಕೆಯೊಂದು ಎಲ್ 46 ಎಂದು ಕರೆದಾಗಿತ್ತು! ಇಡೀ ಜಗತ್ತಿನಲ್ಲಿ ಇದರ ತವರು ಒಂದೇ, ಬ್ರೆಜಿಲಿನ ಶಿಂಗು ನದಿ.

ಅಂಗಡಿಯಲ್ಲಿ ಪುಟ್ಟ ‘ಶಾರ್ಕ್’ ಕೊಂಡಿರಾ? ಅದು ಶಾರ್ಕ್ ಅಲ್ಲವೇ ಅಲ್ಲ! ಬಹಳ ಸಲ ಅದು ಹೋಟೆಲಿನ ತಟ್ಟೆಗೆ ಬರುವ ಪಂಗಾಸ್ ಮೀನಿನ ಮರಿ. ಬಿಟ್ಟರೆ ಒಂದು ಮೀಟರ್ ದಾಟಿ ಬೆಳೆಯುತ್ತದೆ!

ತೊಟ್ಟಿಗೆ ದೊಡ್ಡದಾಯಿತೆಂದು ಕೆರೆಗೆ ಮಾತ್ರ ಬಿಡಬೇಡಿ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಬಲೆಗೆ ಬಿತ್ತು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಮೊಸಳೆ ಮೂತಿಯ ಅಮೆರಿಕನ್ ಗಾರ್ ಸಿಕ್ಕಿತು. ದಾಲ್‌ನಲ್ಲಿ ಗಾರ್ ಎಂದರೆ ನಂಬುತ್ತೀರಾ?

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆಯದ್ದು. ವಿದೇಶದ ತೊಟ್ಟಿಗಳಲ್ಲಿ ನಮ್ಮ ಮೀನೂ ‘ಆಮದು ಮಾಲು’! ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲೂ ಸಿಗುವ ಕೆಂಪು ಗೆರೆಯ ಡೆನಿಸನ್ ಮೀನು 1997ರಲ್ಲಿ ಸಿಂಗಪುರದ ಅಕ್ವಾರಾಮಾ ಪ್ರದರ್ಶನದಲ್ಲಿ ಬಹುಮಾನ ಗೆದ್ದಿತು. ಅಲ್ಲಿಂದ ಬೇಡಿಕೆಯೋ ಬೇಡಿಕೆ! ಅದರ ಹೆಸರು ಮದರಾಸಿನ ಗವರ್ನರ್ ವಿಲಿಯಂ ಡೆನಿಸನ್‌ನದು. ಆ ಹೆಸರಿಟ್ಟವನು ವೈದ್ಯ ಫ್ರಾನ್ಸಿಸ್ ಡೇ, 1865ರಲ್ಲಿ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಅವುಗಳಲ್ಲಿ ಒಂದು ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರೆಗಳ ಕಡೆಯದು. ಅದಕ್ಕೂ ಹೆಸರಿಟ್ಟದ್ದು ಅದೇ ಡೇ, 1877ರಲ್ಲಿ. ಇಟ್ಟ ಹೆಸರು ಕೆನರೆನ್ಸಿಸ್! ನಾವು ಮಲಾವಿಯ ಸಿಕ್ಲಿಡ್‌ಗೆ ಆಸೆ ಪಟ್ಟರೆ, ಯುರೋಪಿನ ಮೀನು ಪ್ರಿಯರು ಆಸೆ ಪಡುವುದು ನೇತ್ರಾವತಿಯ ಈ ಸಿಕ್ಲಿಡ್‌ಗೆ!